ಸಹಾಯ ಬೇಕು: ಮಕ್ಕಳು ಒಂದೇ ಕಡತದಲ್ಲಿ ಕೂಡಿ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಿಂದ ಶನಿವಾರ ಸಂಜೆ ಆನ್‌ಲೈನ್ ಕನ್ನಡ ತರಗತಿ ನಡೆಸುತ್ತೇನೆ. ವಸಾಯಿ, ಪನವೇಲ್, ಮುಲುಂಡ್‌ಗಳಿಂದ 11 ಮಕ್ಕಳು ಸೇರುತ್ತಾರೆ. ಲೋಕಲ್ ರೈಲಿನಲ್ಲಿ ಅವರನ್ನು ಒಂದೆಡೆ ಕೂಡಿಸುವುದು ಆಗದ ಮಾತು.

ಈಗ ಎಲ್ಲರೂ ಗೂಗಲ್ ಡಾಕ್ಸ್‌ನ ಒಂದೇ ಕಡತದಲ್ಲಿ ಅಜ್ಜಿಯರ ಅಡುಗೆಯ ಪುಸ್ತಿಕೆ ಬರೆಯುತ್ತಿದ್ದಾರೆ. ಕಳೆದ ವಾರ ಆರನೆಯ ತರಗತಿಯ ಹುಡುಗಿಯೊಬ್ಬಳು, ಅಜ್ಜಿ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕಡುಬಿಗೆ ಕೊಟ್ಟೆ ಕಟ್ಟುವುದನ್ನು ಎಷ್ಟು ಚೆಂದವಾಗಿ ಬರೆದಿದ್ದಳು! ಕಾಗುಣಿತ ತಿದ್ದಲು ಹೋದ ಇನ್ನೊಬ್ಬನ ಬೆರಳು ತಾಗಿ ಇಡೀ ಪುಟ ಅಳಿಸಿಹೋಯಿತು. ಹುಡುಗಿ ಅತ್ತೇಬಿಟ್ಟಳು. ಕಡತದ ಹಿಂದಿನ ರೂಪಗಳನ್ನು ಉಳಿಸಿಡುವ ಆವೃತ್ತಿ ಇತಿಹಾಸದಿಂದ (version history) ಹಳೆಯ ಪ್ರತಿಯನ್ನು ಮರಳಿ ತಂದೆ. ಆದರೆ ಆಮೇಲೆ ಉಳಿದವರು ಬರೆದ ಸಾಲುಗಳನ್ನು ಹೆಕ್ಕಿ ಸೇರಿಸುವಷ್ಟರಲ್ಲಿ ತರಗತಿಯೇ ಮುಗಿದಿತ್ತು.

ಸಲಹೆ ಮಾತ್ರ ನೀಡುವ ಅನುಮತಿ ಕೊಡಬಹುದು, ಗೊತ್ತು. ಆದರೆ ಇಲ್ಲಿ ಎಲ್ಲರೂ ಬರೆಯುವವರೇ, ಎಲ್ಲರೂ ತಿದ್ದುವವರೇ. ಅದೂ ಅಪ್ಪ ಅಮ್ಮನ ಮೊಬೈಲಿನಲ್ಲಿ. ಮಗುವಿಗೊಂದು ಕಡತ ಮಾಡಿ ಕೊನೆಗೆ ಜೋಡಿಸಲೇ? ಹಾಗಾದರೆ ಒಬ್ಬರದನ್ನೊಬ್ಬರು ಓದುವ ಖುಷಿ ತಪ್ಪುತ್ತದೆಂಬ ಅಳುಕು ನನಗೆ.

ಇನ್ನೊಂದು ತೊಡಕು: ಹಿರಿಯರೊಬ್ಬರು ಪ್ರೀತಿಯಿಂದ ಕೊಟ್ಟ 30 ಪುಟಗಳು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೂ ಹಿಂದಿನ ಅಕ್ಷರಶೈಲಿಯಲ್ಲಿವೆ. ಡಾಕ್ಸ್‌ನಲ್ಲಿ ಅಂಟಿಸಿದರೆ ಅರ್ಥವಾಗದ ಚಿಹ್ನೆಗಳ ರಾಶಿ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಜಾಗ ತಪ್ಪುತ್ತದೆ. ಸಾಲು ಸಾಲಾಗಿ ಕೈಯಾರೆ ತಿದ್ದದೆ ಬೇರೆ ದಾರಿಯಿದೆಯೇ?

ಅನುಭವವಿದ್ದವರು ದಯವಿಟ್ಟು ಇಲ್ಲೇ ತಿಳಿಸಿ. ಶನಿವಾರ ಸಂಜೆ 6ಕ್ಕೆ ಅರ್ಧ ಗಂಟೆ ತರಗತಿಗೆ ಸೇರಿ ಮಕ್ಕಳಿಗೇ ತೋರಿಸಿಕೊಟ್ಟರಂತೂ ದೊಡ್ಡ ಉಪಕಾರ.