ವಯಸ್ಸಿಗೆ ನೂರು ಕೂಡಿಸಿದರೆ ಬಿಪಿ ಆಗುತ್ತಾ?

ತಿಪಟೂರು ದೊಡ್ಡಪ್ಪ (ಫಾರ್ವರ್ಡ್): ‘ವಯಸ್ಸಿಗೆ 100 ಕೂಡಿಸಿ. ಅದೇ ನಿಮ್ಮ ಸರಿಯಾದ ಬಿಪಿ. ಮಾತ್ರೆ ಕಂಪನಿಗಳು ಇದನ್ನು ಹೇಳುವುದಿಲ್ಲ. ಎಲ್ಲರಿಗೂ ಕಳಿಸಿ.’

ತಿಪಟೂರು ದೊಡ್ಡಪ್ಪ: ನನಗೆ 68. ಬೆಳಿಗ್ಗೆ 162 ಬಂತು. ಲೆಕ್ಕ ಸರಿಯಾಗಿದೆ. ನಾಳೆಯಿಂದ ಮಾತ್ರೆ ಬಂದ್.

ಶಿರಾ ಅತ್ತೆ: ಒಳ್ಳೆ ಮಾಹಿತಿ ಅಣ್ಣ. ನಮ್ಮ ಬೀದಿಯವರಿಗೆಲ್ಲ ಕಳಿಸಿದೆ.

ನಾನು: ಅಯ್ಯೋ ಅತ್ತೆ, ಡಿಲೀಟ್ ಮಾಡಿ! ಅದು ಹಳೇ ಕಾಲದ ಲೆಕ್ಕ. ವಯಸ್ಸಾದಂತೆ ರಕ್ತನಾಳ ಗಟ್ಟಿಯಾಗಿ ಮೇಲಿನ ನಂಬರ್ ಏರುವುದು ನಿಜ. ಕಣ್ಣಿಗೆ ಪೊರೆಯೂ ವಯಸ್ಸಿಗೇ ಬರುವುದು. ಹಾಗಂತ ಬಿಟ್ಟಿರಾ ದೊಡ್ಡಪ್ಪ, ಆಪರೇಷನ್ ಮಾಡಿಸಿಕೊಂಡಿರಿ ಅಲ್ವಾ?

ತಿಪಟೂರು ದೊಡ್ಡಪ್ಪ: ನಮ್ಮಪ್ಪ ಒಂದು ಮಾತ್ರೆಯೂ ನುಂಗಿದವರಲ್ಲ.

ಚಿಕ್ಕಪ್ಪ: ಅಪ್ಪನಿಗೆ ಲಕ್ವ ಹೊಡೆದದ್ದು ಮರೆತೆಯಾ ಅಣ್ಣ?

ತಿಪಟೂರು ದೊಡ್ಡಪ್ಪ: ಅದು ಬೇರೆ.

ಚಿಕ್ಕಪ್ಪ: ಏನು ಬೇರೆ? ಅವರ ಬಿಪಿ ಯಾರು ನೋಡಿದ್ದರು?

ಕ್ಯಾತ್ಸಂದ್ರ ಚಿಕ್ಕಮ್ಮ: ಮೆಷಿನ್ನೇ ನಂಬುವ ಹಾಗಿಲ್ಲ. ನನಗೆ ಒಂದು ಸಲ 150, ಸ್ವಲ್ಪ ಹೊತ್ತಿಗೆ 136.

ನಾನು: ಬಿಪಿ ಇರುವುದೇ ಹಾಗೆ ಚಿಕ್ಕಮ್ಮ, ಗಳಿಗೆಗೊಂದು ಥರ. ದೊಡ್ಡಪ್ಪ, ನೀವು ಹೇಗೆ ನೋಡಿಕೊಂಡಿರಿ?

ತಿಪಟೂರು ದೊಡ್ಡಪ್ಪ: ವಾಕಿಂಗಿನಿಂದ ಬಂದು, ಕಾಫಿ ಕುಡಿಯುತ್ತಾ, ಶರ್ಟಿನ ಮೇಲೇ ಪಟ್ಟಿ ಸುತ್ತಿಕೊಂಡೆ.

ದೊಡ್ಡಮ್ಮ: ಹಾಲಿನವನ ಜೊತೆ ಜಗಳ ಬೇರೆ.

ನಾನು: ಹಾಗಾದರೆ ಆ 162 ಲೆಕ್ಕಕ್ಕಿಲ್ಲ. ಕಾಫಿ, ಸಿಗರೇಟು, ವಾಕಿಂಗ್ ಆದ ಮೇಲೆ ಅರ್ಧ ಗಂಟೆ ಬಿಡಬೇಕು. ಬಾತ್‌ರೂಮಿಗೆ ಹೋಗಿಬನ್ನಿ. ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೆ ಊರಿ, 5 ನಿಮಿಷ ಸುಮ್ನೆ ಕೂರಿ. ಬರೀ ತೋಳಿಗೆ ಪಟ್ಟಿ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಮತ್ತೆ ಸಂಜೆ. 7 ದಿನ ಬರೆದಿಡಿ, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯಲ್ಲಿ 135/85 ಮುಟ್ಟಿದರೆ ಜಾಸ್ತಿ ಅಂತಲೇ.

ತಿಪಟೂರು ದೊಡ್ಡಪ್ಪ: 5 ನಿಮಿಷ ಬಾಯಿ ಮುಚ್ಚಿಕೊಂಡು ಕೂರಬೇಕಾ?

ದೊಡ್ಡಮ್ಮ: ದಿನಕ್ಕೆ ನಾಲ್ಕು ಸಲ ನೋಡಿಕೊಳ್ಳಲಿ.

ಚಿಕ್ಕಪ್ಪ: 180/120 ದಾಟಿ ಎದೆನೋವು ಬಂದರೆ, ಮಾತು ತೊದಲಿದರೆ ಮಾತ್ರ ಬರೆಯುತ್ತಾ ಕೂರಬೇಡ. ಸೀದಾ 108ಕ್ಕೆ ಫೋನ್.

ತಿಪಟೂರು ದೊಡ್ಡಪ್ಪ: ಸರಿ, 7 ದಿನ ಮಾತ್ರೆ ತಗೊಂಡೇ ನೋಡುತ್ತೇನೆ. ಕಮ್ಮಿ ಬಂದರೆ ಆಗ ನಿಲ್ಲಿಸಬಹುದಲ್ಲ?

ನಾನು: ಕಮ್ಮಿ ಬರುವುದೇ ಮಾತ್ರೆಯಿಂದ ದೊಡ್ಡಪ್ಪ! ಬರೆದ ಚೀಟಿ ಡಾಕ್ಟರಿಗೆ ತೋರಿಸಿ. ಬಿಡುವುದೋ ಬೇಡವೋ ಅವರು ಹೇಳಲಿ.