ನೈಟಿಂಗೇಲ್ ಸ್ಕುಟಾರಿಗೆ ಹೋದಮೇಲೂ ಸಾವು ಏರಿದ್ದೇಕೆ?

ಸೆಮಿನಾರ್_ಸಂಕಟ:
ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದ ಸೆಮಿನಾರಿಗೆ ‘ನರ್ಸಿಂಗ್ ವೃತ್ತಿಯಾಗಿ ಬೆಳೆದ ಬಗೆ’ ಅಂತ ವಿಷಯ. ಸಿಕ್ಕ ನೋಟ್ಸುಗಳಲ್ಲೆಲ್ಲ ಒಂದೇ ಕತೆ: ಕ್ರಿಮಿಯಾ ಯುದ್ಧದ ಹೊತ್ತಿಗೆ ಫ್ಲಾರೆನ್ಸ್ ನೈಟಿಂಗೇಲ್ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ದೀಪ ಹಿಡಿದು ಹೋದರು, ಸಾವು ಇಳಿಯಿತು. ಆದರೆ ಅವರೇ ಪ್ರಕಟಿಸಿದ ಅಂಕಿಗಳಲ್ಲಿ, ಅವರು ಹೋದಮೇಲೆ ಸಾವು ಏರಿದೆ! ಇದನ್ನು ಹೇಗೆ ವಿವರಿಸಲಿ? ಈ ಸಾವುಗಳನ್ನು ತೋರಿಸುವ, ಎಸಳಿನ ಆಕಾರದ ಅವರ ನಕ್ಷೆಯನ್ನು ಚಾರ್ಟ್ ಪೇಪರಿನಲ್ಲಿ ಬರೆಯಲು ಅಳತೆ ಹೇಗೆ ಹಿಡಿಯಬೇಕು?

ಹಳೇ_ಕಡತ:
ನೀವು ಓದಿದ್ದು ಸರಿ. 38 ಮಂದಿ ನರ್ಸುಗಳೊಂದಿಗೆ ಅವರು ಸ್ಕುಟಾರಿ ತಲುಪಿದ್ದು 1854ರ ನವೆಂಬರ್ 4ರಂದು. ಕಾಲರಾ, ಆಮಶಂಕೆ, ಜ್ವರದಂಥ ರೋಗಗಳಿಗೆ ಸತ್ತವರು ಆ ತಿಂಗಳು 844, ಡಿಸೆಂಬರಿನಲ್ಲಿ 1725, ಜನವರಿಯಲ್ಲಿ 2761. ಇದು ಯುದ್ಧಕ್ಕಾಗಿ ಟರ್ಕಿ, ಕ್ರಿಮಿಯಾ ಕಡೆಗೆ ಹೋಗಿದ್ದ ಇಡೀ ಬ್ರಿಟಿಷ್ ಸೇನೆಯ ಲೆಕ್ಕ, ಸ್ಕುಟಾರಿ ಒಂದರದ್ದಲ್ಲ. ಬಹಳ ಜನ ಎಡವುವುದು ಇಲ್ಲೇ.

ಊಟ, ಬಟ್ಟೆ, ಹಾಸಿಗೆ ಸುಧಾರಿಸಿದರೂ ಸ್ಕುಟಾರಿಯ ಬ್ಯಾರಕ್ ಆಸ್ಪತ್ರೆಯ ಅಡಿಯಲ್ಲಿ ಚರಂಡಿ ಕಟ್ಟಿಕೊಂಡೇ ಇತ್ತು. ಗಾಳಿ ಬೀಸಿದರೆ ಕಕ್ಕಸಿನ ಕೊಳವೆಯ ನಾತ ನೇರ ವಾರ್ಡಿಗೆ. ಅದರ ಮೇಲೆ, ಕ್ರಿಮಿಯಾದ ಸೆವಾಸ್ಟೊಪೋಲಿನ ಯುದ್ಧಕಂದಕಗಳಲ್ಲಿ ಹಸಿದು ಸ್ಕರ್ವಿ ಹಿಡಿದವರನ್ನು ಹಡಗುಗಟ್ಟಲೆ ತಂದು ತುಂಬಿದರು. 1855ರ ಮಾರ್ಚಿನಲ್ಲಿ ವೈದ್ಯ ಸದರ್ಲೆಂಡ್, ಎಂಜಿನಿಯರ್ ರಾಲಿನ್ಸನ್ ಅವರಿದ್ದ ಬ್ರಿಟಿಷ್ ಸರ್ಕಾರದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿತು, ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಕುದುರೆಯ ಹೆಣ ತೆಗೆಸಿತು, ಗೋಡೆಗೆ ಸುಣ್ಣ ಬಳಿಸಿತು. ಮಾರ್ಚಿನಲ್ಲಿ 1205 ಇದ್ದ ಸಾವು ಏಪ್ರಿಲಿನಲ್ಲಿ 477. ಹಾಗಂತ ಎಲ್ಲವನ್ನೂ ಚರಂಡಿಯ ಲೆಕ್ಕಕ್ಕೆ ಬರೆಯಬೇಡಿ. ಆಯೋಗ ಕಾಲಿಡುವ ಮುಂಚೆ, ಫೆಬ್ರವರಿಯಲ್ಲೇ, ಸಾವು 2120ಕ್ಕೆ ಇಳಿದಿತ್ತು.

ಸ್ಕೇಲ್_ಪೆನ್ಸಿಲ್:
ನಕ್ಷೆಗೆ ಬರೋಣ. ಮೊದಲು ದರ, ಅಂದರೆ ಸಾವಿರ ಮಂದಿಗೆ ವರ್ಷಕ್ಕೆ ಎಷ್ಟು ಸಾವು: ತಿಂಗಳ ಸಾವನ್ನು 12ರಿಂದ, ಆಮೇಲೆ 1000ದಿಂದ ಗುಣಿಸಿ ಸೇನಾಬಲದಿಂದ ಭಾಗಿಸಿ. ಜನವರಿಯ ಬಲ 32,393. ರೋಗಕ್ಕೆ 1022.8 ಬರುತ್ತದೆ. ಹೊಸಬರು ಬಂದು ಸೇರದಿದ್ದರೆ ಆ ವೇಗದಲ್ಲಿ ವರ್ಷದೊಳಗೆ ಸೇನೆಯೇ ಖಾಲಿ! ಗಾಯಕ್ಕೆ ಸತ್ತವರು 83, ದರ 30.7. ಇತರೆ 324, ದರ 120.

ಒಂದು ತಿಂಗಳಿಗೆ 30 ಡಿಗ್ರಿಯ, ಅಂದರೆ ವೃತ್ತದ 12ನೇ ಒಂದು ಭಾಗದ, ಒಂದು ಎಸಳು. ದರವನ್ನು ತೋರಿಸಬೇಕಾದ್ದು ಎಸಳಿನ ವಿಸ್ತೀರ್ಣ, ಉದ್ದವಲ್ಲ. ಹಾಗಾಗಿ ದರವನ್ನು 12ರಿಂದ ಗುಣಿಸಿ, 3.1416ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ತ್ರಿಜ್ಯ ರೋಗಕ್ಕೆ 62.5, ಇತರೆಗೆ 21.4, ಗಾಯಕ್ಕೆ 10.8. ಇವನ್ನು ಇಮ್ಮಡಿಸಿ ಮಿಲಿಮೀಟರ್ ಮಾಡಿಕೊಂಡರೆ 125, 43, 22. ಚಾರ್ಟ್ ಪೇಪರಿಗೆ ಹಿಡಿಸುತ್ತದೆ. ದರವನ್ನೇ ತ್ರಿಜ್ಯ ಮಾಡಿದಿರೋ, ರೋಗಕ್ಕೂ ಗಾಯಕ್ಕೂ ಇರುವ 33 ಪಟ್ಟಿನ ವ್ಯತ್ಯಾಸ ಕಣ್ಣಿಗೆ ಸಾವಿರ ಪಟ್ಟಿಗಿಂತ ಹೆಚ್ಚಾಗಿ ಕಾಣುತ್ತದೆ. ಮೂರನ್ನೂ ಕೇಂದ್ರದಿಂದಲೇ ಅಳೆಯಿರಿ, ಒಂದರ ತುದಿಯಿಂದ ಇನ್ನೊಂದನ್ನಲ್ಲ. ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಇತರೆಗೆ ಕಪ್ಪು. ದೊಡ್ಡದನ್ನು ಮೊದಲು ಬಳಿದು ಚಿಕ್ಕದನ್ನು ಮೇಲೆ ಬಳಿಯಿರಿ.

ಓಲೆಗರಿ:
ಚರಕಸಂಹಿತೆಯನ್ನು ಬಿಟ್ಟೇಬಿಟ್ಟಿರಲ್ಲ! ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ, ಅಂದರೆ ಆಧಾರಗಳಲ್ಲಿ, ಪರಿಚಾರಕನೂ ಒಬ್ಬ. ಉಪಚಾರದ ಅರಿವು, ದಕ್ಷತೆ, ರೋಗಿಯ ಮೇಲೆ ಅಕ್ಕರೆ, ಶುಚಿ ಎಂದು ಅವನ ಗುಣಗಳನ್ನೂ ಹೇಳಿದೆ.

ಹಳೇ_ಕಡತ:
ಧಾರಾಳವಾಗಿ ಸೇರಿಸಲಿ. ಆದರೆ ಸೆಮಿನಾರಿನ ಪ್ರಶ್ನೆ ವೃತ್ತಿಯದ್ದು. ಅದಕ್ಕೆ ತರಬೇತಿ, ಸಂಬಳ, ಹೆಸರು ಬರೆಯುವ ರಿಜಿಸ್ಟರ್ ಬೇಕು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದ ನೈಟಿಂಗೇಲ್ ನರ್ಸಿಂಗ್ ಶಾಲೆಗೆ ಮೊದಲು ಸೇರಿದ್ದು 15 ಮಂದಿ. ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರದ ಜೊತೆಗೆ ವರ್ಷಕ್ಕೆ 10 ಪೌಂಡ್. ಮೇಟ್ರನ್ ವಾರ್ಡ್ರೋಪರ್ ಒಬ್ಬೊಬ್ಬರ ನಡತೆಗೂ ಕೆಲಸಕ್ಕೂ ಬೇರೆಬೇರೆಯಾಗಿ ಷರಾ ಬರೆಯುತ್ತಿದ್ದರು.

ಮುಂದಿನ ಜಗಳವೇ ಸ್ವಾರಸ್ಯ, ನೋಟ್ಸುಗಳು ಅದನ್ನೇ ನುಂಗಿಬಿಡುತ್ತವೆ. 1887ರಲ್ಲಿ ಬ್ರಿಟಿಷ್ ನರ್ಸಸ್ ಅಸೋಸಿಯೇಷನ್ ಕಟ್ಟಿದ ನರ್ಸ್ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಸರ್ಕಾರಿ ನೋಂದಣಿ ಬೇಕೆಂದರು. ಬೇಡವೆಂದವರು ನೈಟಿಂಗೇಲ್! ನರ್ಸಿನ ಗುಣವನ್ನು ಪರೀಕ್ಷೆ ಅಳೆಯಲಾರದು ಎಂಬುದು ಅವರ ವಾದ. ನ್ಯೂಜಿಲೆಂಡ್ 1901ರಲ್ಲೇ ಕಾಯ್ದೆ ಮಾಡಿತು. ಬ್ರಿಟನ್ನಿಗೆ ಅದು ಬಂದದ್ದು 1919ರಲ್ಲಿ, ನೈಟಿಂಗೇಲ್ ತೀರಿಕೊಂಡು ಒಂಬತ್ತು ವರ್ಷಕ್ಕೆ. ಫೆನ್ವಿಕ್ ಅವರ ಹೆಸರು ರಿಜಿಸ್ಟರಿನಲ್ಲಿ ಒಂದನೆಯದು.

ಕಾಯ್ದೆಕಟ್ಟು:
ಒಂದು ಸೇರ್ಪಡೆ. ಸ್ಲೈಡಿನಲ್ಲಿ ‘ಭಾರತದಲ್ಲಿ ನೋಂದಣಿ ಆರಂಭ: 1947’ ಅಂತ ಹಾಕಬೇಡಿ. ಆ ವರ್ಷದ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆ ತಂದದ್ದು ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿ. ನೋಂದಣಿ ಅದಕ್ಕೂ ಹಳೆಯದು: ಮದ್ರಾಸ್ ಪ್ರಾಂತ್ಯದ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ 1926ರದ್ದು; ಮಂಗಳೂರು, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇದ್ದವು. ನಮ್ಮ ರಾಜ್ಯದ ಕಾಯ್ದೆ 1961ರದ್ದು.

ಸೆಮಿನಾರ್_ಸಂಕಟ:
ಎಲ್ಲರಿಗೂ ವಂದನೆ. ಮೊದಲ ಸ್ಲೈಡಿಗೆ ದೀಪದ ಚಿತ್ರ ಹಾಕಿದ್ದೇನೆ. ಇರಲೋ, ತೆಗೆಯಲೋ?

ಹಳೇ_ಕಡತ:
ಇರಲಿ, ಚಿತ್ರ ಮಾತ್ರ ಬದಲಿಸಿ. ದೀಪ ಬೆಳಗುವ ಸಮಾರಂಭದಲ್ಲಿ ಹಿಡಿಯುವ, ಮೂತಿ ಇರುವ ಎಣ್ಣೆ ದೀಪ ಸ್ಕುಟಾರಿಯದ್ದಲ್ಲ. ಅಲ್ಲಿದ್ದದ್ದು ಟರ್ಕಿಯ ಫಾನೂಸು: ಹಾರ್ಮೋನಿಯಂ ತಿದಿಯ ಹಾಗೆ ಮಡಿಚುವ ಲಾಂದ್ರ, ಒಳಗೆ ಮೇಣದಬತ್ತಿ.