ಜಂತು ಔಷಧಿ ಹಾಕಿದ್ರೂ ಕುರಿಗಳ ಗದ್ದದ ಬಾವು ಇಳೀತಿಲ್ಲ, ಏನು ಮಾಡೋದು?

ಶಿರಾ ಕುರಿಹಟ್ಟಿ:
40 ಕುರಿ, 12 ಮೇಕೆ ಇವೆ. ಬೆಳಗ್ಗೆ ಬೇಗ ಬಿಟ್ಟು ಕೆರೆ ಅಂಗಳದಲ್ಲಿ ಮೇಯಿಸ್ತೀವಿ. ಮಳೆ ಹಿಡಿದ ಮೇಲೆ ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಬಾವು ಬಂದಿದೆ. ಸಂಜೆ ಜಾಸ್ತಿ, ಬೆಳಗ್ಗೆ ಹೊತ್ತಿಗೆ ಇಳಿದಿರುತ್ತೆ. ಭೇದಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಆಲ್ಬೆಂಡಜೋಲ್ 2.5% ದ್ರಾವಣ, ತಲಾ 5 ಮಿಲಿ ಎಲ್ಲಕ್ಕೂ ಹಾಕಿದೆ. ಮೂರು ತಿಂಗಳಿಗೊಮ್ಮೆ ಇದನ್ನೇ ಹಾಕೋದು. ಡೋಸ್ ಏರಿಸಬೇಕಾ, ಔಷಧಿ ಬದಲಿಸಬೇಕಾ? ಗಬ್ಬದ ಕುರಿಗಳೂ ಇವೆ.

ಪಶುವೈದ್ಯ, ಹಾವೇರಿ:
ಭೇದಿ ಇಲ್ಲದೆ ಗದ್ದ ಬಾತಿದೆ ಅಂದ್ರೆ ಮೊದಲ ಅನುಮಾನ ಹೀಮಾಂಕಸ್ ಮೇಲೆ. ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಹುಳು ಇದು. ರಕ್ತದ ಜೊತೆ ಪ್ರೋಟೀನೂ ಹೋಗುತ್ತೆ, ಅದಕ್ಕೇ ಗದ್ದದಲ್ಲಿ ನೀರು ನಿಲ್ಲುತ್ತೆ. ಹಿಂಡಿನಲ್ಲಿ ಯಾವುದಾದ್ರೂ ಸತ್ತರೆ ತಡಮಾಡದೆ ಆ ಹೊಟ್ಟೆ ಕೊಯ್ದು ನೋಡಿ. 2-3 ಸೆಂ.ಮೀ. ಉದ್ದದ, ಕೆಂಪು ಬಿಳಿ ದಾರ ಹೊಸೆದಂತಿರುವ ಹುಳುಗಳು ಒಳಗೋಡೆ ಮೇಲೆ ಹರಿದಾಡ್ತಿರುತ್ತವೆ.

ಬದುಕಿರೋ ಕುರಿಯಲ್ಲಿ ಕಣ್ಣು ನೋಡಿ. ಹಗಲು ಬೆಳಕಿನಲ್ಲಿ ಮೇಲಿನ ರೆಪ್ಪೆ ಮುಚ್ಚಿ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ, ಕೆಳರೆಪ್ಪೆ ಕೆಳಗೆ ಎಳೆದರೆ ಒಳಪದರ ಹೊರಗೆ ಉಬ್ಬುತ್ತೆ. ಅದರ ಬಣ್ಣಕ್ಕೆ 1ರಿಂದ 5 ಅಂಕ: ಗಾಢ ಕೆಂಪು 1, ಕಾಗದದಂತೆ ಬಿಳಿ 5. 4 ಮತ್ತು 5ಕ್ಕೆ ಔಷಧಿ ಬೇಕೇ ಬೇಕು. 3 ಬಂದರೆ ಮರಿ, ಗಬ್ಬದ ಕುರಿ, ಹಾಲೂಡುವ ಕುರಿಗೆ ಹಾಕಿ, ಮಿಕ್ಕವನ್ನು ಬಿಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕು. ಕಣ್ಣು ಬೇನೆ ಇದ್ದರೆ, ದೂಳು ಬಿದ್ದಿದ್ದರೆ ಬಣ್ಣ ಸುಳ್ಳು ಹೇಳುತ್ತೆ.

ಇನ್ನು ಡೋಸ್. ಕುರಿಗೆ ಕೆಜಿಗೆ 7.5 ಮಿಗ್ರಾಂ. 2.5% ದ್ರಾವಣದ ಒಂದು ಮಿಲಿಯಲ್ಲಿ 25 ಮಿಗ್ರಾಂ ಇರೋದು. 30 ಕೆಜಿ ಕುರಿಗೆ 225 ಮಿಗ್ರಾಂ, ಅಂದ್ರೆ 9 ಮಿಲಿ. ನೀವು ಹಾಕಿರೋದು ಅದರ ಅರ್ಧದಷ್ಟು ಮಾತ್ರ. ಮೇಕೆಗೆ ಇನ್ನೂ ಕೊರತೆ, ಯಾಕಂದ್ರೆ ಅದರ ಲಿವರ್ ಈ ಔಷಧಿಯನ್ನು ಬೇಗ ಕರಗಿಸಿ ಹೊರಹಾಕುತ್ತೆ. ಕುರಿಯ ಡೋಸಿನ ಒಂದೂವರೆಯಿಂದ ಎರಡು ಪಟ್ಟು ಬೇಕು. ಅರೆಡೋಸಿನಲ್ಲಿ ಸಾಯೋದು ದುರ್ಬಲ ಹುಳು. ಗಟ್ಟಿ ಹುಳು ಉಳಿದು ಮೊಟ್ಟೆ ಇಡುತ್ತೆ, ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು.

ಮರಿ ಸಾಕಣೆ, ಮಂಡ್ಯ:
ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬ್ರಾಂಡ್ ಬದಲಿಸಿದರೆ ಔಷಧಿ ಬದಲಾದಂತಲ್ಲ. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೂ ಎರಡೂ ಒಂದೇ ಗುಂಪಿನವು, ಒಂದಕ್ಕೆ ಜಗ್ಗದ ಹುಳು ಇನ್ನೊಂದಕ್ಕೂ ಜಗ್ಗಲ್ಲ. ಲೆವಮಿಸೋಲ್ ಬೇರೆ ಗುಂಪು, ಐವರ್‌ಮೆಕ್ಟಿನ್ ಬೇರೆ, ಕ್ಲೋಸಾಂಟೆಲ್ ಬೇರೆ.

ಹಾಕುವ ಕ್ರಮವೂ ಮುಖ್ಯ. ಡಬ್ಬಿ ಚೆನ್ನಾಗಿ ಕುಲುಕಿ, ಮದ್ದು ತಳದಲ್ಲಿ ಕೂತಿರುತ್ತೆ. ತೂಕ ಕಣ್ಣಳತೆಯಲ್ಲಿ ಬೇಡ, ಸ್ಪ್ರಿಂಗ್ ತಕ್ಕಡಿಗೆ ಗೋಣಿಚೀಲದ ಜೋಲಿ ಕಟ್ಟಿ ತೂಗಿ. ಎಲ್ಲವನ್ನೂ ತೂಗೋಕಾಗಲ್ಲ ಅಂದ್ರೆ ಒಂದೇ ಗಾತ್ರದವನ್ನು ಗುಂಪು ಮಾಡಿ, ಗುಂಪಿನಲ್ಲಿ ದಪ್ಪ ಇರೋದರ ತೂಕಕ್ಕೆ ಡೋಸ್ ಕೊಡಿ. ತಲೆ ನೇರ ಇರಲಿ, ಮೂಗು ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ. ಗೊಟ್ಟದಲ್ಲಿ ಹೊಯ್ಯೋದು ದನಕ್ಕೆ ಸರಿ, ಕುರಿಗೆ ಸೂಜಿ ತೆಗೆದ ಸಿರಿಂಜ್ ಅಥವಾ ಡ್ರೆಂಚಿಂಗ್ ಗನ್ ಬೇಕು. ಅದನ್ನು ಬಾಯಿಯ ಪಕ್ಕದಿಂದ ತೂರಿಸಿ ನಾಲಿಗೆಯ ಹಿಂಭಾಗದಲ್ಲಿ ಬಿಡಿ. ಬಾಯಿ ಮುಂದೆ ಬಿಟ್ಟರೆ ಮದ್ದು ದೊಡ್ಡ ಹೊಟ್ಟೆ ದಾಟಿ ಮುಂದಕ್ಕೆ ಹೋಗಿಬಿಡುತ್ತೆ, ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ಆಲ್ಬೆಂಡಜೋಲ್ ಹಾಕುವ ಹಿಂದಿನ ರಾತ್ರಿ ಮೇವು ನಿಲ್ಲಿಸಿದರೆ ಕೆಲಸ ಚೆನ್ನಾಗಿ ಮಾಡುತ್ತೆ. ನೀರು ನಿಲ್ಲಿಸಬೇಡಿ, ಗಬ್ಬದ, ಸೊರಗಿದ ಕುರಿಗಳನ್ನು ಉಪವಾಸ ಕೆಡವಬೇಡಿ.

ಶಿರಾ ಕುರಿಹಟ್ಟಿ:
ಹಾಗಾದ್ರೆ ಸರಿಯಾದ ಡೋಸ್‌ನಲ್ಲಿ ಆಲ್ಬೆಂಡಜೋಲ್ ಇನ್ನೊಮ್ಮೆ ಹಾಕಿ ನೋಡ್ಲಾ? ನಮ್ಮ ಕಡೆ ಹಿರಿಯರು ಮೈಲುತುತ್ತ, ಹೊಗೆಸೊಪ್ಪಿನ ನೀರು ಕುಡಿಸಿ ಅಂತಿದ್ದಾರೆ.

ಪಶುವೈದ್ಯ, ಹಾವೇರಿ:
ಮೈಲುತುತ್ತ ದಯವಿಟ್ಟು ಬೇಡ, ಅದರಲ್ಲಿರೋದು ತಾಮ್ರ. ತಾಮ್ರವನ್ನು ಕುರಿಯಷ್ಟು ತಡೆಯಲಾರದ ಸಾಕುಪ್ರಾಣಿ ಇನ್ನೊಂದಿಲ್ಲ. ಲಿವರಿನಲ್ಲಿ ಕೂಡಿಕೊಳ್ಳುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ರಕ್ತಕ್ಕೆ ಇಳಿಯುತ್ತೆ. ಮೂತ್ರ ಕೆಂಪಾಗಿ ಸಾಯುತ್ತೆ. ಹೊಗೆಸೊಪ್ಪಿನದೂ ವಿಷವೇ.

ಗದ್ದ ಬಾತಿರುವ, ಕಣ್ಣು ಬಿಳಿಚಿರುವ ಕುರಿಗಳ ಮೇಲೆ ಪ್ರಯೋಗಕ್ಕೆ ಸಮಯವಿಲ್ಲ. ಅವಕ್ಕೆ ಇವತ್ತೇ ಬೇರೆ ಗುಂಪಿನ ಔಷಧಿ, ನಿಮ್ಮ ಡಾಕ್ಟ್ರು ನೋಡಿ ಬರೆದದ್ದು. ಹೀಮಾಂಕಸ್‌ಗೆ ಕ್ಲೋಸಾಂಟೆಲ್ ಕೆಜಿಗೆ 10 ಮಿಗ್ರಾಂ ಚೆನ್ನಾಗಿ ಹಿಡಿಯುತ್ತೆ. ಆದರೆ ಅಳತೆ ತಪ್ಪಿ ಹೆಚ್ಚಾದರೆ ಕಣ್ಣು ಶಾಶ್ವತವಾಗಿ ಹೋಗುತ್ತೆ, ತೂಗದೆ ಮುಟ್ಟಬೇಡಿ. ಜೊತೆಗೆ ಕಡಲೆಕಾಯಿ ಹಿಂಡಿ ಕೊಡಿ, ದೂರ ನಡೆಸಬೇಡಿ.

ಆಲ್ಬೆಂಡಜೋಲ್ ಇನ್ನೂ ನಾಟುತ್ತಾ ಅನ್ನೋದನ್ನು ಕಣ್ಣು ಕೆಂಪಗಿರುವವುಗಳಲ್ಲಿ ಪರೀಕ್ಷಿಸಿ. 10-15 ಕುರಿಯ ಹಿಕ್ಕೆಯನ್ನು ನೆಲದಿಂದ ಎತ್ತದೆ ಗುದದಿಂದಲೇ ತೆಗೆದು, ಒಂದೊಂದರದ್ದೂ ಬೇರೆ ಕವರಿನಲ್ಲಿ, ಐಸ್ ಜೊತೆ ಅದೇ ದಿನ ಲ್ಯಾಬಿಗೆ ಕೊಡಿ. ಬಿಸಿಲಲ್ಲಿ ಇಟ್ಟರೆ ಮೊಟ್ಟೆ ಒಡೆದು ಎಣಿಕೆ ಕೆಡುತ್ತೆ. ಸರಿಯಾದ ಡೋಸ್ ಹಾಕಿ 14ನೇ ದಿನ ಅದೇ ಕುರಿಗಳ ಹಿಕ್ಕೆ ಮತ್ತೆ ಕೊಡಿ. ಗ್ರಾಂಗೆ ಸರಾಸರಿ 1,000 ಮೊಟ್ಟೆ ಇದ್ದದ್ದು 50ಕ್ಕಿಂತ ಕೆಳಗೆ ಇಳಿಯದಿದ್ದರೆ ಆ ಗುಂಪಿನ ಔಷಧಿಗೆ ನಿಮ್ಮ ಹಟ್ಟಿಯ ಹುಳು ಬಗ್ಗುತ್ತಿಲ್ಲ ಅಂತ ಅರ್ಥ.

ಗಬ್ಬ ಕಟ್ಟಿದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ, ಮರಿಗೆ ಅಂಗದೋಷ ಬರುವ ಭಯ ಇದೆ. ಈಯುವ ಆಸುಪಾಸಿನಲ್ಲಿ ತಾಯಿಯ ಮೈಯ ತಡೆಶಕ್ತಿ ತಗ್ಗಿ ಮೊಟ್ಟೆ ಜಾಸ್ತಿ ಬೀಳುತ್ತೆ. ಆದ್ದರಿಂದ ಈಯಲು 2-3 ವಾರ ಇರುವಾಗ ಅದರ ಕಣ್ಣು ತಪ್ಪದೆ ನೋಡಿ.

ಕೆರೆ ಬಯಲು, ದಾವಣಗೆರೆ:
ಎಲ್ಲರೂ ಹೀಮಾಂಕಸ್ ಅಂತಿದ್ದೀರಿ, ನನಗೆ ಕೆರೆ ಅಂಗಳ ಅನ್ನೋ ಮಾತೇ ಚುಚ್ಚುತ್ತಿದೆ. ಬಸವನಹುಳು ಇರುವ ಕಡೆ ಲಿವರಿನ ಚಪ್ಪಟೆ ಹುಳುವೂ ಇರಬಹುದು, ಅದರಲ್ಲೂ ಗದ್ದ ಹೀಗೇ ಬಾಯುತ್ತೆ. ನೀರು ಇಳಿಯುತ್ತಾ ಬಂದಂತೆ ಹೊರಬೀಳುವ ಹಸಿರು ಹುಲ್ಲಿನಲ್ಲಿ ಅದರ ಮರಿಗಳು ಅಂಟಿರುತ್ತವೆ. ಲ್ಯಾಬಿನಲ್ಲಿ ಹಿಕ್ಕೆಯ ತಳಗಸಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ತೇಲಿಸಿ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಈ ಮೊಟ್ಟೆ ಭಾರಕ್ಕೆ ಮುಳುಗಿ ಕಾಣೋದೇ ಇಲ್ಲ. ಆಕ್ಸಿಕ್ಲೋಜನೈಡ್ ಬೆಳೆದ ಹುಳುವನ್ನು ಕೊಲ್ಲುತ್ತೆ, ಎಳೆಯದಕ್ಕೆ ಟ್ರೈಕ್ಲಾಬೆಂಡಜೋಲ್ ಬೇಕು.

ಮೇಯಿಸೋ ಹೊತ್ತು ಬದಲಿಸಿ. ಹೀಮಾಂಕಸ್ ಮರಿ ಇಬ್ಬನಿಯ ತೇವ ಹಿಡಿದು ಹುಲ್ಲು ಹತ್ತುತ್ತೆ, ಹೆಚ್ಚಿನವು ಬುಡದಿಂದ 5 ಸೆಂ.ಮೀ. ಒಳಗೇ ಇರುತ್ತವೆ. ಇಬ್ಬನಿ ಆರಿದ ಮೇಲೆ ಬಿಡಿ, ಬುಡದ ತನಕ ಬೋಳಿಸಲು ಬಿಡಬೇಡಿ. ಮೇಕೆಗೆ ಸೊಪ್ಪು ಕಡಿದು ಕಟ್ಟಿ. ದನಗಳನ್ನು ಸರದಿಯಲ್ಲಿ ಮೇಯಿಸಿದರೆ ಕುರಿಯ ಹೀಮಾಂಕಸ್ ಕಡಿಮೆಯಾಗುತ್ತೆ. ಚಪ್ಪಟೆ ಹುಳುವಿಗೆ ಈ ಉಪಾಯ ನಡೆಯಲ್ಲ, ಅದು ದನದಲ್ಲೂ ಬೆಳೆಯುತ್ತೆ.

ಸಂತೆಯಿಂದ ಹೊಸ ಕುರಿ ತಂದರೆ ಎರಡು ಬೇರೆ ಗುಂಪಿನ ಔಷಧಿ ಹಾಕಿಸಿ, ಎರಡು ದಿನ ಒಣ ದೊಡ್ಡಿಯಲ್ಲೇ ಇರಿಸಿ. ಆ ದಿನಗಳ ಹಿಕ್ಕೆ ಹೊಲಕ್ಕೆ ಚೆಲ್ಲದೆ ತಿಪ್ಪೆಯ ನಡುವೆ ಹೂಳಿ, ಬಿಸಿಗೆ ಮೊಟ್ಟೆ ಸಾಯುತ್ತವೆ. ಮಾರುವ ಕುರಿ ಇದ್ದರೆ ಔಷಧಿ ಹಾಕಿದ ಮೇಲೆ ಎಷ್ಟು ದಿನ ಕಡಿಯಬಾರದು ಅಂತ ಲೇಬಲ್ ಮೇಲೆ ಇರುತ್ತೆ, ಅದನ್ನು ಕೊಳ್ಳುವವರಿಗೂ ಹೇಳಿ.